ಕತ್ತರಿಸಿದ ಹನ್ನೊಂದು ನಿಮಿಷ

ಜುಬೈಲಿನ ನೀರಿನ ಪ್ಲಾಂಟು. ರಾತ್ರಿ ಪಾಳಿ.
ಕಡಲು ಒಳಗೆ ಬರುವ ಬಾಯಿಗೆ ಜಾಲರಿ,
ಜಾಲರಿಗೆ ನಾನು.
ಫ್ಲಾಸ್ಕಿಗೆ ಒರಗಿಸಿದ ಫೋನಿನಲ್ಲಿ
ಮೂವತ್ತೇಳು ವರ್ಷದ ಮೇಲೆ ಆ ಸಿನಿಮಾ ಸಿಕ್ಕಿದೆ.
ಈವರೆಗೆ ನೋಡಿದವರು ನಾನೂರ ಹನ್ನೆರಡು ಮಂದಿ,
ಅದರಲ್ಲಿ ಎಷ್ಟು ಜನ ನಡುವೆಯೇ ಎದ್ದು ಹೋದರೋ.

ಆಗ ಊರಿಡೀ ಒಂದು ಟಾಕೀಸಿಲ್ಲ.
ಗುರುವಾರ ಸಂಜೆ ಕ್ಯಾಸೆಟ್ಟು ತರುವುದು ಇಸುಬುವಿನ ಕೆಲಸ,
ಆರು ಮಂಚದ ಕ್ಯಾಬಿನ್ನು, ಚಂದಾ ಎತ್ತಿ ಕೊಂಡ ಟೀವಿ.
ಕಡಲ ತಳದಲ್ಲಿ ಪ್ರಯೋಗಶಾಲೆ, ಗಾಜಿನ ತೊಟ್ಟಿ,
ತೊಟ್ಟಿಯಲ್ಲಿ ಬೆಳೆದದ್ದು ಒಂದು ದಿನ
ಪೈಪು ಹಿಡಿದು ಮೇಲೆ ಬರುತ್ತದೆ.
ನಾವೂ ಪೈಪಿನವರೇ. ಅದಕ್ಕೇ ಯಾರೂ ನಗಲಿಲ್ಲ.

ಬೊಂಬಾಯಿ ಹೋಟೆಲಲ್ಲಿ ಬೋಣಿಗಿದ್ದ ಲಿಗೋರಿ
ಇಂಗ್ಲಿಷನ್ನು ನಮಗೆ ಬಡಿಸುತ್ತಿದ್ದ:
‘ಅವಳು ಹೇಳ್ತಾಳೆ, ಬಾಗಿಲು ಹಾಕು.
ಅವನು ಹೇಳ್ತಾನೆ, ಹಾಕಿದೆ.’
ಅಷ್ಟರಲ್ಲಿ ಪರದೆ ತುಂಬ ಬೂದಿ ಇರುವೆ.
ಇರುವೆ ಚದುರಿದಾಗ ಬೆಳಗಾಗಿತ್ತು,
ಅವಳ ಜಡೆ ಬಿಚ್ಚಿತ್ತು,
ಅವನ ಬೆರಳಿಗೆ ಬಟ್ಟೆ ಸುತ್ತಿತ್ತು.

ಡಬ್ಬದ ಮೇಲೆ ತೊಂಬತ್ತನಾಲ್ಕು ನಿಮಿಷ.
ವಾಮನ ಮೊಗೇರ ಗಡಿಯಾರ ಹಿಡಿದು ಲೆಕ್ಕ ಮಾಡಿದ:
ಎಂಬತ್ತಮೂರು.
‘ಮುಖ ಅಲ್ಲೇ ತೋರಿಸಿದ್ದಾರೆ ಮಾರಾಯ,’ ಅಂದ ಇಸುಬು,
‘ಇಲ್ಲದಿದ್ದರೆ ಯಾಕೆ ಕತ್ತರಿ?’

ಆ ರಾತ್ರಿ ಮುಖ ಮಾಡತೊಡಗಿದೆವು.
ವಾಮನನದು ತೊರಕೆ ಮೀನಿನ ಹೊಟ್ಟೆ:
ಅಪ್ಪನ ದೋಣಿಯಲ್ಲಿ ಮಗುಚಿ ಬಿದ್ದದ್ದು
ಮನುಷ್ಯರ ಹಾಗೆ ನಕ್ಕಿತ್ತಂತೆ.
ಲಿಗೋರಿ ತನ್ನದು ಹೇಳಲೇ ಇಲ್ಲ,
ನಾಲ್ಕು ದಿನ ಲೈಟು ಆರಿಸಲು ಬಿಡಲಿಲ್ಲ.
ಇಸುಬು ಮಾರ್ಕರು ತಂದು ಬಾಗಿಲ ಹಿಂದೆ ಬರೆದ:
ಬಾಯಿಲ್ಲ, ಕಣ್ಣಿಲ್ಲ, ಮೈತುಂಬ ಕಿವಿ.
‘ಇದು ಏನೂ ಮಾಡುವುದಿಲ್ಲ. ನಾವು ಹೇಳಿದ್ದು ಕೇಳುತ್ತದೆ, ಅಷ್ಟೆ.’
ಎರಡು ವರ್ಷ ಅದರ ಮೇಲೇ ಅಂಗಿ ತೂಗುಹಾಕಿದೆವು.

ಈ ಪ್ರತಿಗೆ ಕತ್ತರಿ ಬಿದ್ದಿಲ್ಲ.
ನಲವತ್ತೊಂದನೇ ನಿಮಿಷ. ಬಾಗಿಲು ಹಾಕು. ಹಾಕಿದೆ.
ಫೋನನ್ನು ಸ್ವಲ್ಪ ದೂರ ಸರಿಸಿದೆ.

ಅಡುಗೆಮನೆ.
ಅವನು ಈರುಳ್ಳಿ ಹೆಚ್ಚುತ್ತಾನೆ, ಬೆರಳು ಕೊಯ್ದುಕೊಳ್ಳುತ್ತಾನೆ.
ಅವಳು ಆ ಬೆರಳನ್ನು ಬಾಯಲ್ಲಿಟ್ಟುಕೊಳ್ಳುತ್ತಾಳೆ.
ವೈನು. ಇನ್ನೊಂದು ಲೋಟ.
ಅವಳ ಬೆನ್ನ ಮೇಲೆ ಎಳ್ಳಿನಷ್ಟು ಮಚ್ಚೆ,
ಅದನ್ನವನು ತುಂಬ ಹೊತ್ತು ನೋಡುತ್ತಾನೆ.
ಹನ್ನೊಂದು ನಿಮಿಷ
ಯಾರೂ ಯಾರನ್ನೂ ತಿನ್ನುವುದಿಲ್ಲ.

ಮೃಗ ಆಮೇಲೆ ಬರುತ್ತದೆ: ರಬ್ಬರಿನ ಕೈ,
ಕಂಕುಳಲ್ಲಿ ಜಿಪ್ಪು.
ಮುಖವನ್ನು ಕೊನೆಯವರೆಗೂ ತೋರಿಸುವುದಿಲ್ಲ.
ದುಡ್ಡು ಮುಗಿದಿರಬೇಕು.

ಇಸುಬು ಉಳ್ಳಾಲದಲ್ಲಿ ಮಣ್ಣಾಗಿ ಎರಡು ರಂಜಾನು.
ಲಿಗೋರಿಯ ನಂಬರು ತಾಗುವುದಿಲ್ಲ.
ವಾಮನನಿಗೆ ಒಂದು ವಾಯ್ಸ್ ಕಳಿಸಲು ಹೊರಟೆ:
‘ಈರುಳ್ಳಿ ಮಾರಾಯ, ಬರೀ ಈರುಳ್ಳಿ...’
ಉಪ್ಪುಂದದಲ್ಲಿ ಈಗ ರಾತ್ರಿ ಎರಡೂವರೆ ದಾಟಿದೆ. ಅಳಿಸಿದೆ.

ಅಷ್ಟರಲ್ಲಿ ಅಲಾರಾಂ.
ಲೋಳೆಮೀನಿನ ಹಿಂಡು ಜಾಲರಿಗೆ ಕವಿದಿದೆ;
ಬಿಟ್ಟರೆ ಬೆಳಗ್ಗೆ ಎಷ್ಟೋ ನಲ್ಲಿಗಳಲ್ಲಿ ಬರೀ ಗಾಳಿ.
ಕುಂಟೆ ಹಾಕಿ ಎಳೆದೆ, ಬುಟ್ಟಿ ಬುಟ್ಟಿ,
ಎಲುಬಿಲ್ಲದ್ದು, ತಲೆಯಿಲ್ಲದ್ದು,
ಟಾರ್ಚು ಬಿಟ್ಟರೆ ಆಚೆಗೆ ಹಾಯುವ ಮೈ.

ಒಂದನ್ನು ಗ್ಲೌಸಿನ ಮೇಲೆ ಮಗುಚಿ ನೋಡಿದೆ,
ಎಲ್ಲಾದರೂ ಕಿವಿ ಇದೆಯೋ ಅಂತ.
ಸುತ್ತ ಯಾರೂ ಇರಲಿಲ್ಲ.
ಈರುಳ್ಳಿಯ ವಿಷಯ ಅದಕ್ಕೇ ಹೇಳಿದೆ.